ಪಕ್ಕದ ಮನೆಯ ಅಜ್ಜನ ಒಪೆರಾ

ಅವರ ಹುಬ್ಬುಗಳು ಎಷ್ಟು ಉದ್ದ ಬೆಳೆದಿದ್ದವೆಂದರೆ ಲಿಫ್ಟಿನ ಫ್ಯಾನ್ ಗಾಳಿಗೆ ಹಾರಾಡುತ್ತಿದ್ದವು. ಗಲ್ಫಿನ ಅಲ್ ಖೌದ್‌ನಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿ, ದಂತವೈದ್ಯೆ ಮಗಳ ಜೊತೆ ಇದ್ದರು. ಸೋವಿಯತ್ ಕಾಲದಲ್ಲಿ ಒಪೆರಾಗಳಿಗೆ ಸಂಗೀತ ಕಟ್ಟಿದವರಂತೆ. ಮಾತೆಲ್ಲ ಹಾಡಿನಲ್ಲೇ ನಡೆಯುವ ನಾಟಕ ಎಂದಷ್ಟೇ ನನಗೆ ಅರ್ಥವಾಗಿತ್ತು. ನಾವು ಅಜ್ಜ ಎಂದೇ ಕರೆಯುತ್ತಿದ್ದೆವು, ಹೆಸರು ನಮ್ಮ ನಾಲಿಗೆಗೆ ಬಗ್ಗುತ್ತಿರಲಿಲ್ಲ.

ಮೊದಲ ಸಲ ಅವರು ಬಾಗಿಲು ತಟ್ಟಿದ್ದು ಒಂದು ಶುಕ್ರವಾರ ಸಂಜೆ, ನಮ್ಮ ಮನೆಯಲ್ಲಿ ಭಜನೆ ನಡೆಯುತ್ತಿದ್ದಾಗ. "ಸೌಂಡ್ ಜಾಸ್ತಿಯಾಯ್ತು ಅಂತ ಬೈಲಿಕ್ಕೆ ಬಂದದ್ದು, ನೀನೇ ಮಾತಾಡು ಮಾರಾಯ್ತಿ," ಎಂದು ನನ್ನ ಗಂಡ ಅಡುಗೆಮನೆಗೆ ಜಾರಿಕೊಂಡರು. ಅಜ್ಜ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ಭಜನೆ ಮುಗಿದ ಮೇಲೆ ಹರುಕುಮುರುಕು ಇಂಗ್ಲಿಷಿನಲ್ಲಿ ಕೇಳಿದರು: "ನೀನು ಹಾಡಿದ್ದನ್ನೇ ಎಲ್ಲರೂ ಮತ್ತೆ ಹಾಡುತ್ತಾರಲ್ಲ, ಇವರಿಗೆ ಕಿವಿ ಕೇಳಿಸುವುದಿಲ್ಲವೇ?" ಭಜನೆಯೆಂದರೆ ಹಾಗೆಯೇ, ಒಬ್ಬರು ಹೇಳಿಕೊಡುವುದು, ಉಳಿದವರು ಅದನ್ನೇ ಹೇಳುವುದು ಎಂದೆ. ಹುಬ್ಬು ಕುಣಿಸಿ ನಕ್ಕರು. ಆಮೇಲೆ ಒಂದು ಶುಕ್ರವಾರವೂ ತಪ್ಪಿಸಲಿಲ್ಲ, ನನ್ನ ಗೋಳಿಬಜೆಯನ್ನಂತೂ ಬಿಡಲೇ ಇಲ್ಲ.

ಅವರ ಹೃದಯ ಸೋಲುತ್ತಾ ಬಂದಿತ್ತು. ಮಗಳು ಕೆಲಸ ಬಿಟ್ಟು ಅವರನ್ನು ಊರಿಗೆ ಕರೆದೊಯ್ಯುವ ತಯಾರಿಯಲ್ಲಿದ್ದರು. ಆಗಲೇ ಅಜ್ಜ ಒಂದು ಹಾಡಿನ ವಿಷಯ ಹೇಳಿದ್ದು. ಅವರ ದೊಡ್ಡ ಒಪೆರಾದ ಕೊನೆಯಲ್ಲಿ ಊರೆಲ್ಲ ಯುದ್ಧ ಗೆದ್ದ ಸಂಭ್ರಮದಲ್ಲಿರುತ್ತದೆ. ಮನೆಯೊಳಗೆ ಒಬ್ಬ ತಾಯಿ, ತೀರಿಹೋದ ಮಗನನ್ನು ಊಟಕ್ಕೆ ಕರೆಯುತ್ತಾಳೆ. ಬಾ, ಆರಿಹೋಗುತ್ತದೆ, ಬಾ. ಪ್ರತಿ ಸಾಲಿನ ನಂತರ ಮೌನ, ಯಾರೂ ಓಗೊಡುವುದಿಲ್ಲ. ಗೆದ್ದ ದೇಶದಲ್ಲಿ ತಾಯಿ ಅಳಬಾರದು ಎಂದರಂತೆ ಮೇಲಿನವರು. ಅಜ್ಜ ತಮ್ಮ ಕೈಯಾರೆ ಆ ಹಾಡನ್ನು ತೆಗೆದುಹಾಕಿದರು. ಒಪೆರಾ ವರ್ಷಗಟ್ಟಲೆ ನಡೆಯಿತು, ಪದಕವೂ ಬಂತು.

"ಇಷ್ಟು ವರ್ಷ ತಲೆಯೊಳಗೇ ಕೇಳಿದ್ದೇನೆ. ಹೋಗುವ ಮುಂಚೆ ಒಮ್ಮೆ ಕಿವಿಯಿಂದ ಕೇಳಬೇಕು. ನನಗೆ ದನಿಯಿಲ್ಲ, ಮಗಳಿಗೆ ಶ್ರುತಿಯಿಲ್ಲ. ನೀನು ಹಾಡು," ಎಂದರು.

ಒಪ್ಪಿಕೊಂಡೆ. ಸಂಜೆ ಆಫೀಸಿನಿಂದ ಬಂದು ಅವರ ಕೀಬೋರ್ಡಿನ ಪಕ್ಕ ಕೂತು ಅವರ ಭಾಷೆಯ ಆ ಸಾಲುಗಳನ್ನು ಕಲಿಯುತ್ತಿದ್ದೆ. ಸ್ವರ ಸ್ವಲ್ಪ ಬಳುಕಿದರೂ ಕೀಬೋರ್ಡಿನ ಮೇಲೆ ಕೈ ಬಡಿಯುತ್ತಿದ್ದರು. "ಚೆಂದ ಮಾಡಬೇಡ! ಅವಳು ಹಾಡುಗಾರ್ತಿಯಲ್ಲ, ತಾಯಿ." ಒಂದು ದಿನ ನಾನೂ ರೇಗಿದೆ, "ನನ್ನ ಗಂಟಲು ಇರುವುದೇ ಹೀಗೆ ಅಜ್ಜ, ಬೇಕಾದರೆ ಕೇಳಿ." ಅವರು ಎದ್ದುಹೋಗಿ ನನಗೆ ಚಹಾ ಮಾಡಿಕೊಂಡು ಬಂದರು. ಮತ್ತೆ ಮೊದಲಿನಿಂದ ಶುರು.

ಅವರು ಹೊರಡುವ ಹಿಂದಿನ ಶುಕ್ರವಾರ, ಭಜನೆಯವರೆಲ್ಲ ಸೇರಿದ್ದಾಗ ಹಾಡಿದೆ. ಅಜ್ಜ ಕೋಟು ಹಾಕಿಕೊಂಡು ಬಂದಿದ್ದರು. ಮೊದಲ ಸಾಲು ಮುಗಿಸಿ ಮೌನಕ್ಕೆ ನಿಂತೆ. ರುಸ್ತಾಕ್ ಪೇಟೆಯಿಂದ ಭಜನೆಗೆ ಬರುವ ಹೊಲಿಗೆ ಅಂಗಡಿಯ ಅಕ್ಕ, ಅಭ್ಯಾಸಬಲದಿಂದ, ಆ ಸಾಲನ್ನೇ ತಿರುಗಿ ಹಾಡಿಬಿಟ್ಟರು! ಅವರ ಹಿಂದೆ ಎಲ್ಲರೂ. ಉಚ್ಚಾರ ದೇವರಿಗೇ ಪ್ರೀತಿ. ಅಜ್ಜನ ಕೈ ತಡೆಯಲು ಮೇಲೆದ್ದಿತು. ಆ ಕೈ ಗಾಳಿಯಲ್ಲೇ ನಿಂತು, ಮೆಲ್ಲಗೆ ಮುಂದಿನ ಸಾಲಿಗೆ ಸನ್ನೆ ಮಾಡಿತು. ನಾನು ಕರೆದೆ. ಅವರೆಲ್ಲ ಕರೆದರು. ಹಾಡು ಮುಗಿಯುವವರೆಗೂ ಹಾಗೆಯೇ.

"ಎಂಥ ಮಾಡುದು ಅಜ್ಜ, ಬಾಯಿ ತನ್ನಷ್ಟಕ್ಕೇ ಹೇಳಿತು," ಎಂದು ಅಕ್ಕ ನಾಚಿಕೊಂಡರು.

ಅಜ್ಜ ಕೋಟಿನ ತೋಳಿನಲ್ಲಿ ಮುಖ ಒರೆಸಿಕೊಂಡರು. "ನಾನು ಆ ತಾಯಿಯನ್ನು ಒಬ್ಬಳನ್ನೇ ಬಿಟ್ಟಿದ್ದೆ. ನೀವು ಬಿಡಲಿಲ್ಲ."

ಊರಿಗೆ ಹೋದ ಕೆಲವೇ ವಾರಗಳಲ್ಲಿ ಅವರು ತೀರಿಕೊಂಡರು. ಮಗಳೇ ಫೋನ್ ಮಾಡಿದರು. ಕೊನೆಯ ದಿನಗಳಲ್ಲಿ ಅಜ್ಜ ಪಿಸುದನಿಯಲ್ಲಿ ಒಂದೊಂದು ಸಾಲು ಹಾಡಿ, ಮಗಳ ಮುಖ ನೋಡುತ್ತಾ ಕಾಯುತ್ತಿದ್ದರಂತೆ. ಮಗಳು ತಿರುಗಿ ಹೇಳದೆ ಮುಂದಿನ ಸಾಲಿಗೆ ಹೋಗುತ್ತಿರಲಿಲ್ಲವಂತೆ.

"ಕೊನೆಯ ಸಾಲು ಅಪ್ಪ ಹಾಡಲಿಲ್ಲ. ನಾನೊಬ್ಬಳೇ ಹಾಡಿದೆ," ಎಂದು ಆ ಶ್ರುತಿಯಿಲ್ಲದ ದನಿಯಲ್ಲೇ ಅದನ್ನು ಹಾಡಿದರು.

ನಾನು ಆ ಸಾಲನ್ನು ತಿರುಗಿ ಹಾಡಿದೆ.