ಮುಂದಿನರ್ಧ ನನ್ನದು, ಹಿಂದಿನರ್ಧ ಅವನದು

ಬನಹಟ್ಟಿಯಲ್ಲಿ ನನ್ನ ಮಗ್ಗದ ಶೆಡ್ಡಿನ ಹಿಂದೆ ಒಂದು ಬೇವಿನ ಮರವಿದೆ. ಮೂರ್ನಾಲ್ಕು ವರ್ಷಗಳ ಹಿಂದೆ ಅದರ ನೆರಳಲ್ಲಿ ಎರಡು ಸತ್ತ ಜೀಪುಗಳು ಬಿದ್ದುಕೊಂಡಿದ್ದವು. ಒಂದು ನನ್ನದು, ಇನ್ನೊಂದು ಚಿಮ್ಮಡದ ನನ್ನ ಗೆಳೆಯನದು. ಎರಡೂ ಫೋರ್ ವೀಲ್, ಅಂದರೆ ಒಂದು ಹಿಡಿಕೆ ಎಳೆದರೆ ಎಂಜಿನ್ನಿನ ಬಲ ನಾಲ್ಕೂ ಗಾಲಿಗೆ ಹೋಗುವಂಥವು. ಎರಡನ್ನೂ ಲಿಲಾವಿನಲ್ಲಿ ಸವಾಲು ಕೂಗಿ ಕೊಂಡದ್ದು. ನಾನು ನೇಕಾರ, ಅವನು ಕುರಿ ಸಾಕುವವನು. ಸೀರೆಯ ಗಂಟು ಹೇರಿಕೊಂಡು ಮುಧೋಳ, ಜಮಖಂಡಿ ಅಂತ ತಿರುಗುವುದಕ್ಕೆ ನನಗೆ ಜೀಪು ಬೇಕಿತ್ತು. ಎಳೆ ಮರಿ, ರಾತ್ರಿ ಕುರಿಗಳ ಸುತ್ತ ಕಟ್ಟುವ ಬಲೆ, ಕಂಬಳಿ ಹೇರಿಕೊಂಡು ಹಿಂಡಿನ ಹಿಂದೆ ಹೊಲ ಹೊಲ ಸುತ್ತುವುದಕ್ಕೆ ಅವನಿಗೆ ಬೇಕಿತ್ತು.

ನನ್ನ ಜೀಪಿನ ಎಂಜಿನ್ ಗಟ್ಟಿ, ಆದರೆ ಕೆಳಗಿನ ಚೌಕಟ್ಟನ್ನು, ಅಂದರೆ ಚಾಸಿಯನ್ನು, ತುಕ್ಕು ತಿಂದು ಹಾಕಿತ್ತು. ಅವನದರ ಚಾಸಿ ಉಕ್ಕಿನಂತಿತ್ತು, ಎಂಜಿನ್ ಮಾತ್ರ ಜಾಮ್. ಗುಜರಿಯವನು ಬಂದು ಎರಡನ್ನೂ ಕಾಲಿನಿಂದ ಒದ್ದು ನೋಡಿದ. ಅವನು ಒದ್ದ ರೀತಿಗೇ ನನಗೆ ಪಿತ್ತ ನೆತ್ತಿಗೇರಿತು. ಕೊಳ್ಳುವುದಿದ್ದರೆ ಕೈಯಿಂದ ಮುಟ್ಟಿ ನೋಡು ಅಂತ ಅವನನ್ನು ಓಡಿಸಿಬಿಟ್ಟೆ. ನನ್ನ ಗೆಳೆಯನಿಗೆ ಸಿಟ್ಟು ಅನ್ನುವುದು ಗೊತ್ತಿಲ್ಲ. ಅವನು ಬೀಡಿ ಹಚ್ಚಿಕೊಂಡು ಕೂತಲ್ಲೇ ಹೇಳಿದ:

"ಲೇ, ಎರಡೂ ಪೂರಾ ಸತ್ತಿಲ್ಲ. ಅರ್ಧಾ ಅರ್ಧಾ ಸತ್ತಾವ. ನಿಂದ ಅರ್ಧಾ, ನಂದ ಅರ್ಧಾ ಕೂಡ್ಸಿ ಒಂದ ಮಾಡೂಣು."

ಅವನಿಗೆ ಅವಸರವಿತ್ತು. ಅದಕ್ಕೆ ಕಾರಣ ಅವನ ಅಪ್ಪ. ಮುದುಕ ಹುಟ್ಟಿದಾಗಿನಿಂದ ಕುರಿಯ ಹಿಂದೆ ನಡೆದವನು. ಈಗ ಎರಡೂ ಮೊಣಕಾಲು ಕೈಕೊಟ್ಟಿದ್ದವು. ಹಿಂಡು ಕಿರಿಯ ಮಗನ ಜೊತೆ ಬೀಳಗಿಯ ಕಡೆ ಇತ್ತು. ಬೇಸಿಗೆಯಲ್ಲಿ ಕೃಷ್ಣೆಯ ಹಿನ್ನೀರು ಇಳಿಯುತ್ತ ಹೋದಂತೆ ಅಲ್ಲಿ ಹಸಿರು ಹುಲ್ಲು ಏಳುತ್ತದೆ, ಕುರಿಗೆ ಹಬ್ಬ. ಆದರೆ ಆ ಹುಲ್ಲಿಗೂ ದಾರಿಗೂ ನಡುವೆ ಮೇಲೆ ಒಣಗಿದಂತೆ ಕಾಣುವ, ಕಾಲಿಟ್ಟರೆ ಮಂಡಿಯವರೆಗೆ ನುಂಗುವ ರಾಡಿ. ನಡೆಯುವುದಕ್ಕೆ ಮುದುಕನಿಗೆ ಆಗದು. ಬೈಕಿನ ಮೇಲೆ ಕಾಲು ಮಡಚುವುದಕ್ಕೆ ಆಗದು. ಟ್ರ್ಯಾಕ್ಟರ್ ಕುಲುಕಾಟ ತಡೆಯುವುದಕ್ಕಂತೂ ಆಗದು. ಕಿರಿಯ ಮಗ ದಿನಾ ವಿಡಿಯೊ ಕಾಲ್ ಮಾಡಿ ಕುರಿ ತೋರಿಸುತ್ತಿದ್ದ. ಮುದುಕ ಫೋನನ್ನು ದೂರ ತಳ್ಳುತ್ತಿದ್ದ.

"ಇದರಾಗ ಕುರಿ ವಾಸನಿ ಬರತೈತೇನು? ತಗೀ ಅತ್ತಾಗ."

ಊಟ ಕಡಿಮೆಯಾಗಿತ್ತು, ಮಾತೂ ಕಡಿಮೆಯಾಗಿತ್ತು. ಒಂದು ಸಲ ಹಿಂಡಿನ ನಡುವೆ ನಿಲ್ಲಿಸಿಬಿಟ್ಟರೆ ಅಪ್ಪ ಮತ್ತೆ ಮೊದಲಿನಂತಾಗುತ್ತಾನೆ ಅಂತ ಗೆಳೆಯನ ನಂಬಿಕೆ. ನನಗೂ ಹಾಗೇ ಅನ್ನಿಸಿತು.

ಆದರೆ ಕೂಡಿಸಿದ ಜೀಪು ಯಾರದ್ದು? ಮುಂದೆ ಯಾರೂ ಮಾತು ತೆಗೆಯಬಾರದು ಅಂತ ಬೀರೇಶ್ವರನ ಗುಡಿಗೆ ಹೋಗಿ, ಅಂಗೈಯಲ್ಲಿ ಭಂಡಾರ ಹಿಡಿದು ಆಣೆ ಮಾಡಿದೆವು. ಭಂಡಾರ ಅಂದರೆ ದೇವರ ಅರಿಶಿನಪುಡಿ. ಅದನ್ನು ಹಿಡಿದು ಆಡಿದ ಮಾತಿಗೆ ತಪ್ಪಿದವರು ನಮ್ಮ ಕಡೆ ಯಾರೂ ಇಲ್ಲ. ಮುಂದಿನರ್ಧ ನನ್ನದು, ಹಿಂದಿನರ್ಧ ಅವನದು. ಎಂಜಿನ್ ನನ್ನದು, ಚಾಸಿ ಅವನದು. ಗಾಲಿ ತಿರುಗಿಸುವ ಮುಂದಿನ ಆಕ್ಸಲ್ ನನ್ನ ಜೀಪಿನದು, ಹಿಂದಿನ ಆಕ್ಸಲ್ ಅವನ ಜೀಪಿನದು. ಇದಕ್ಕಿಂತ ನ್ಯಾಯ ಯಾವ ಕೋರ್ಟಿನಲ್ಲೂ ಸಿಗುವುದಿಲ್ಲ ಅಂತ ಇಬ್ಬರೂ ಹಿಗ್ಗಿ ಹೀರೇಕಾಯಿಯಾದೆವು.

ಆ ದಿನಗಳಷ್ಟು ಖುಷಿ ನಾನು ಕಡಿಮೆ ಕಂಡಿದ್ದೇನೆ. ನೂಲು ಸುತ್ತಿದ ಮಗ್ಗದ ಬೀಮ್ ಎತ್ತುವ ಚೈನ್ ಕಪ್ಪಿಯನ್ನು ಬೇವಿನ ಕೊಂಬೆಗೆ ಬಿಗಿದು ಎಂಜಿನ್ ಎತ್ತಿದೆವು. ಕೊಂಬೆ ಕಿರ್ ಅಂದಾಗ ಇಬ್ಬರೂ ಎದ್ದು ಬಿದ್ದು ಓಡಿ, ಮತ್ತೆ ಮೆಲ್ಲಗೆ ಬಂದು ನಗುತ್ತಿದ್ದೆವು. ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ದಿನವೇ ಡೀಸೆಲ್ ಕುಡಿಸಿ, ಮರುದಿನ ಅದನ್ನು ತಿರುವುವ ಪಾನಾ ಹಾಕಿ ಜೋತುಬೀಳುವುದು. ಕೈ ಒರೆಸುವುದಕ್ಕೆ ನನ್ನ ಶೆಡ್ಡಿನ ತುಂಡು ನೂಲು ಬೇಕಾದಷ್ಟು. ಕೆಂಪು, ಹಸಿರು, ಜರಿಯ ನೂಲಿನಿಂದ ಗ್ರೀಸ್ ಒರೆಸಿಕೊಂಡ ಮೆಕ್ಯಾನಿಕರು ಈ ಜಗತ್ತಿನಲ್ಲಿ ನಾವಿಬ್ಬರೇ ಇರಬೇಕು. ಚಹಾ ತಂದ ನನ್ನ ಹೆಂಡತಿ ನಮ್ಮಿಬ್ಬರ ಕರಿ ಮುಖ ನೋಡಿ ಅಂದಳು:

"ಎರಡ ಜೀಪ ಕೂಡಿ ಒಂದ ಆಗೂದ ನೋಡೇನಿ. ನೀವಿಬ್ಬರೂ ಕೂಡಿ ಒಬ್ಬ ಶ್ಯಾಣ್ಯಾ ಆಗೂದ ಯಾವಾಗರಿ?"

ಜೀಪು ಚಾಲೂ ಆದ ದಿನ ರಬಕವಿಯವರೆಗೆ ಹಾರ್ನ್ ಹೊಡೆಯುತ್ತ ಹೋಗಿ ಬಂದೆವು. ಹಿಂದಿನ ಬಾಗಿಲಿಗೆ ದೊಡ್ಡ ಅಕ್ಷರದಲ್ಲಿ 'ಫೋರ್ ವೀಲ್' ಅಂತ ಬರೆಸಿದೆವು. ಊರೊಳಗಿನ ಒಣ ದಾರಿಯಲ್ಲಿ ಆ ಹಿಡಿಕೆ ಎಳೆಯುವ ಪ್ರಸಂಗವೇ ಬರಲಿಲ್ಲ. ಎಳೆದು ನೋಡಬೇಕು ಅಂತ ನಮಗೆ ಹೊಳೆಯಲೂ ಇಲ್ಲ.

ಮುಂದಿನ ಸೋಮವಾರ ಮುದುಕನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬೀಳಗಿಗೆ ಹೊರಟೆವು. ಅವನು ತಲೆಗೆ ಹೊಸ ಪಟಗ ಸುತ್ತಿಕೊಂಡಿದ್ದ. ಹಿನ್ನೀರಿನ ಅಂಚಿಗೆ ಬಂದು ನಿಂತಾಗ ದೂರದಲ್ಲಿ ಹಿಂಡು ಕಾಣಿಸಿತು. ಮುದುಕ ಹಣೆಗೆ ಕೈ ಅಡ್ಡ ಹಿಡಿದು, "ಅಲ್ಲೇ ಅದಾವ ನೋಡ್ರಿ, ಮೇಯಾಕತ್ತಾವ" ಅಂದ. ಆ ದನಿ ಕೇಳಿ ನನಗೆ ಜೀಪು ಮಾಡಿದ್ದು ಸಾರ್ಥಕ ಅನ್ನಿಸಿತು.

ರಾಡಿಗೆ ಇಳಿಯುವ ಮೊದಲು ಗಟ್ಟಿ ನೆಲದ ಮೇಲೆ ಹಿಡಿಕೆ ಎಳೆದೆ. ಜೀಪು ನಾಲ್ಕು ಮಾರು ಹೋಗುವುದರೊಳಗೆ ನರಳಿತು, ಯಾರೋ ಹಗ್ಗ ಕಟ್ಟಿ ಹಿಂದಕ್ಕೆ ಜಗ್ಗಿದಂತೆ ಬಿಗಿಯಿತು, ಎಂಜಿನ್ ಆರಿತು. ಮತ್ತೆ ಚಾಲೂ ಮಾಡಿದರೆ ಮತ್ತೆ ಅದೇ. ಹಿಡಿಕೆ ತೆಗೆಯಲು ಹೋದರೆ ಅದೂ ಕಚ್ಚಿಕೊಂಡಿತ್ತು. ರಿವರ್ಸ್ ಹಾಕಿದಾಗ ಕೆಳಗೆ 'ಢಂ' ಅಂತ ಸದ್ದಾಗಿ ಬಿಟ್ಟುಕೊಂಡಿತು. ಸಿಟ್ಟಿನಲ್ಲಿ ನಾನು ಹಿಂದಿನ ಎರಡೇ ಗಾಲಿಯ ಬಲದ ಮೇಲೆ ರಾಡಿಗೆ ನುಗ್ಗಿಸಿದೆ. ಜೀಪು ಅಲ್ಲೇ ಎಮ್ಮೆಯಂತೆ ಕೂತಿತು. ಹತ್ತಿರದ ಹೊಲದವನೊಬ್ಬ ಟ್ರ್ಯಾಕ್ಟರ್ ತಂದು ಹಗ್ಗ ಹಾಕಿ ಎಳೆದ. ಬಾಗಿಲ ಮೇಲಿನ ಬರಹ ಓದಿ, "ಫೋರ್ ವೀಲ್ ಖರೆ ಐತ್ರಿ, ಎಣಿಸಿದ್ನಿ, ನಾಕೂ ಗಾಲಿ ಅದಾವ" ಅಂತ ನಕ್ಕ.

ಮುದುಕ ಮಾತ್ರ ನಗಲಿಲ್ಲ, ಬೈಯಲೂ ಇಲ್ಲ. ಹೊರಳಿ ಬರುವಾಗ ಹಿಂಡು ಮರೆಯಾಗುವವರೆಗೂ ಕುತ್ತಿಗೆ ತಿರುಗಿಸಿ ನೋಡುತ್ತಿದ್ದ. ಬೀಳಗಿಯಲ್ಲಿ ಚಹಾ ಕುಡಿಸಿದೆವು. ಅರ್ಧ ಕುಡಿದು ಕಪ್ಪು ಕೆಳಗಿಟ್ಟ.

ಮರುದಿನ ಗೇರಿನ ಪೆಟ್ಟಿಗೆ ಬಿಚ್ಚಿ ನೋಡಿದೆವು. ಒಂದು ಹಲ್ಲೂ ಮುರಿದಿರಲಿಲ್ಲ. ಇನ್ನೇನು ಅಂತ ಜೀಪಿನ ಕೆಳಗೆ ಅಂಗಾತ ಮಲಗಿ ಯೋಚಿಸಿದೆ. ನೇಕಾರನಾದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಮಗ್ಗದಲ್ಲಿ ಹಿಂದಿನ ಬೀಮ್ ಎಳೆ ಬಿಡುತ್ತದೆ, ಮುಂದಿನ ರೋಲರ್ ನೇಯ್ದ ಬಟ್ಟೆ ಸುತ್ತಿಕೊಳ್ಳುತ್ತದೆ. ಎರಡರ ಲೆಕ್ಕ ಕೂಡದಿದ್ದರೆ ಎಳೆಗಳು ಪಟಪಟ ಹರಿಯುತ್ತವೆ. ಅದಕ್ಕೇ ಹಲ್ಲಿನ ಗಾಲಿ ಬದಲಿಸುವಾಗ ನಾವು ಅಷ್ಟು ಹುಷಾರು. ತಟ್ಟನೆ ಎದ್ದೆ, ಹಣೆ ಚಾಸಿಗೆ ಬಡಿಯಿತು. ಜಾಕ್ ಹಾಕಿ ಗಾಲಿಗಳನ್ನು ಎತ್ತಿ, ಮುಂದಿನ, ಹಿಂದಿನ ಗಾಲಿಗೆ ಬಲ ಒಯ್ಯುವ ಎರಡೂ ಶಾಫ್ಟಿಗೆ ಸುಣ್ಣದ ಗುರುತು ಹಾಕಿ, ಇಬ್ಬರೂ ಎರಡು ಬದಿ ಹಿಡಿದು ಗಾಲಿ ತಿರುವಿದೆವು. ಗಾಲಿ ಒಂದು ಸುತ್ತು ಬಂದರೆ ಹಿಂದಿನ ಶಾಫ್ಟು ಐದು ಸುತ್ತು ದಾಟಿತು. ಮುಂದಿನದು ನಾಲ್ಕರ ಮೇಲೆ ತುಸು ಹೋಗಿ ನಿಂತಿತು.

ಹೊರಗಿನಿಂದ ಎರಡೂ ಆಕ್ಸಲ್ ಒಂದೇ ತರಹ, ಬೋಲ್ಟಿನ ತೂತೂ ಒಂದೇ ತರಹ. ಒಳಗಿನ ಹಲ್ಲು ಮಾತ್ರ ಬೇರೆ. ಅವನದು ನಿಧಾನದ, ಜಗ್ಗುವ ಜಾತಿ. ನನ್ನದು ಓಡುವ ಜಾತಿ. ಹಿಡಿಕೆ ಎಳೆದೊಡನೆ ಎರಡೂ ಶಾಫ್ಟು ಒಂದೇ ಲೆಕ್ಕದಲ್ಲಿ ತಿರುಗಬೇಕು, ಅದಾಗದೆ ಒಂದಕ್ಕೊಂದು ಬಿಗಿದುಕೊಳ್ಳುತ್ತಿದ್ದವು.

"ಎತ್ತು ಏರಿಗಿ ಎಳೀತು, ಕ್ವಾಣ ನೀರಿಗಿ ಎಳೀತು" ಅಂದ ಗೆಳೆಯ.

"ಎತ್ತು ಯಾವುದು, ಕ್ವಾಣ ಯಾವುದಲೇ?" ಅಂತ ನಾನು ಕೇಳಿದೆ. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ನಮ್ಮ ನ್ಯಾಯವೇ ನಮ್ಮ ಜೀಪಿನ ರೋಗ. ಸರಿಸಮ ಪಾಲು ಮಾಡದೆ, ಯಾವುದಾದರೂ ಒಂದು ಜೀಪಿನ ಎರಡೂ ಆಕ್ಸಲ್ ಹಾಕಿದ್ದರೆ ಮುದುಕ ಅಂದೇ ಕುರಿ ಮುಟ್ಟುತ್ತಿದ್ದ.

ನಗು ಮುಗಿದ ಮೇಲೆ ಜಗಳ ಶುರುವಾಯಿತು. ಬಿಚ್ಚಿಟ್ಟ ಎರಡು ಆಕ್ಸಲ್, ನನ್ನ ಹಿಂದಿನದು, ಅವನ ಮುಂದಿನದು, ಮರದ ಕೆಳಗೇ ಇದ್ದವು. ಯಾರದನ್ನು ಹಾಕುವುದು?

"ಹಿಂದಿಂದೂ ನಿಂದ ಹಾಕು. ನಿನ್ನ ಸೀರಿ ಗಂಟ ಲಗೂನ ಹೋಗಬೇಕು" ಅಂದ ಅವನು.

"ನಿಮ್ಮಪ್ಪ ರಾಡ್ಯಾಗ ಈಜಕೋತ ಹೋಗತಾನೇನ್ಲೇ? ಜಗ್ಗೂದ ನಿಂದು. ಮುಂದಿಂದೂ ನಿಂದ ಹಾಕೂಣು."

"ಭಂಡಾರ ಹಿಡದ ಅರ್ಧಾ ಅಂದೇನಿ. ಎರಡೂ ನಂದ ಹಾಕಿದ್ರ ನಿನ್ನ ಪಾಲ ತಿಂದಂಗ ಆಗತೈತಿ. ನಾ ಒಲ್ಲೆ."

ಒಬ್ಬರ ಪಾಲು ಒಬ್ಬರು ಕಸಿಯುವುದಕ್ಕೆ ಊರೆಲ್ಲ ಬಡಿದಾಡುತ್ತದೆ, ನಾವು ಕೊಡುವುದಕ್ಕೆ ಬಡಿದಾಡಿದೆವು. ನಾನು ಪಾನಾ ಎಸೆದೆ. ಅವನು ಅದನ್ನು ಎತ್ತಿ ಒರೆಸಿ ಜಾಗದಲ್ಲಿಟ್ಟು, ಮತ್ತೆ "ಒಲ್ಲೆ" ಅಂದ. ಕೊನೆಗೆ ಗೇರಿನ ಪೆಟ್ಟಿಗೆ ಮುಚ್ಚಿ, ಜಾಕ್ ಇಳಿಸಿ, ಅವನನ್ನು ಜೀಪಿಗೆ ಹತ್ತಿಸಿಕೊಂಡು ಸೀದಾ ಚಿಮ್ಮಡಕ್ಕೆ, ಅವನ ಅಪ್ಪನ ಮುಂದೆ ಹೋಗಿ ನಿಂತೆ. "ಕಾಕಾ, ನೀವ ಹೇಳ್ರಿ ಇವಗ" ಅಂತ ಎಲ್ಲ ಬಿಡಿಸಿ ಹೇಳಿದೆ.

ಮುದುಕ ಹೊರಸಿನ ಮೇಲೆ ಕೂತು ಪೂರ್ತಿ ಕೇಳಿದ. ಆಮೇಲೆ ನಮ್ಮನ್ನು ಒಬ್ಬೊಬ್ಬರಾಗಿ ನೋಡಿದ.

"ಇಬ್ಬರು ಕೂಡಿ ಕುರಿ ಸಾಕಿದ್ರ, ಒಂದೊಂದ ಕುರಿ ಕಡದು ಮುಂದಿಂದ ನಿನಗ, ಹಿಂದಿಂದ ನನಗ ಅಂತಾರೇನಲೇ? ಹಿಂಡ ಜೀವಂತ ಇರತೈತಿ, ಪಾಲ ಬಾಯಿಮಾತಿನ್ಯಾಗ ಇರತೈತಿ. ಭಂಡಾರ ಹಿಡದ ನೀವು ಅರ್ಧಾ ಅಂದೀರಿ. ಎಲ್ಲಿ ಕೊಯ್ಯಬೇಕಂತ ದೇವರು ಹೇಳಿದ್ನೇನು?"

"ಹಂಗಾರ ಎರಡೂ ನಂದ ಹಾಕೂಣು" ಅಂದ ಗೆಳೆಯ. ಬಹಳ ದಿನದ ಮೇಲೆ ಅಪ್ಪ ಇಷ್ಟು ಮಾತಾಡಿದ್ದು ಅಂತ ಗೆಳೆಯನ ಕಣ್ಣು ಹೊಳೆಯುತ್ತಿದ್ದವು.

ಅವನ ಮುಂದಿನ ಆಕ್ಸಲ್ ತೊಳೆದು, ಸೀಲು ಬದಲಿಸಿ, ಹೊಸ ಎಣ್ಣೆ ತುಂಬಿ ಹಾಕಿದೆವು. ಈಗ ಕೆಳಗಿನ ಜಗ್ಗುವ ಸಾಮಾನೆಲ್ಲ ಅವನ ಜೀಪಿನದು. ಮುಧೋಳದ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಕೂಡ ನನ್ನನ್ನು ಹಿಂದೆ ಹಾಕಿ, ಹಾಡು ಹಚ್ಚಿಕೊಂಡು ಹೋಗುತ್ತದೆ. ಹೋಗಲಿ. ಸೀರೆಗೇನು ಕಾಲು ನೋಯುತ್ತದೆಯೇ?

ಮುದುಕನನ್ನು ಮತ್ತೆ ಮುಂದೆ ಕೂರಿಸಿಕೊಂಡು ಹೋಗಿ, ಈ ಸಲ ಹಿನ್ನೀರಿನ ಅಂಚಿನಲ್ಲಿ ಹಿಡಿಕೆ ಎಳೆದೆ. ಕಟ್ ಅಂತ ಕೂತಿತು. ರಾಡಿಗೆ ಇಳಿದೆವು. ನಾಲ್ಕೂ ಗಾಲಿ ಒಂದೇ ಲೆಕ್ಕದಲ್ಲಿ ಮಣ್ಣು ಕಚ್ಚುತ್ತ, ಒಂದು ಸಲವೂ ಮುಗ್ಗರಿಸದೆ ನಡೆದವು. ಕೆಸರು ಕಿಟಕಿಯವರೆಗೆ ಹಾರಿ ಮುದುಕನ ಪಟಗಕ್ಕೆ ಬಿತ್ತು. ಅವನು ಒರೆಸಿಕೊಳ್ಳಲಿಲ್ಲ. "ಹೊಡಿ, ಹೊಡಿ, ನಿಲ್ಲಸಬ್ಯಾಡ" ಅಂತ ನನ್ನ ತೊಡೆ ಬಡಿಯುತ್ತಿದ್ದ. ಹಿಂದೆ ಗೆಳೆಯ ಹುಚ್ಚನಂತೆ ಕೂಗುತ್ತಿದ್ದ. ನಾನೂ ಕೂಗಿದೆ.

ಹುಲ್ಲಿನ ಮೇಲೆ ನಿಲ್ಲಿಸಿ ಮುದುಕನನ್ನು ಕೆಳಗಿಳಿಸಿದೆವು. ಅವನು ನಾಲಗೆಯಲ್ಲಿ ಒಂದು ಸದ್ದು ಮಾಡಿದ. ಹಳೆಯ ಕುರಿಗಳು ತಲೆ ಎತ್ತಿದವು, ಆಮೇಲೆ ಓಡಿ ಬಂದವು. ಅವನಿಲ್ಲದಾಗ ಹುಟ್ಟಿದ ಮರಿಗಳಿಗೆ ಅವನು ಯಾರೋ ಗೊತ್ತಿಲ್ಲ, ಆದರೂ ತಾಯಂದಿರ ಹಿಂದೆ ಬಂದವು. ಅವನು ಎರಡೂ ಕೈಯನ್ನು ಉಣ್ಣೆಯೊಳಗೆ ಹೂತು, ಬಗ್ಗಿ, ದೀರ್ಘವಾಗಿ ಉಸಿರೆಳೆದುಕೊಂಡ. ನನಗೆ ಅಳು ಬಂತು. ಅಳುವುದನ್ನು ಯಾರಾದರೂ ನೋಡಿದರೆ ನೋಡಲಿ ಅಂತ ಅತ್ತೆ.

ಕಿರಿಯ ಮಗ ರೊಟ್ಟಿ, ಹಾಲು ಕೊಟ್ಟ. ಮುದುಕ ಎರಡು ರೊಟ್ಟಿ ಮುಗಿಸಿ ಮೂರನೆಯದಕ್ಕೆ ಕೈ ಹಾಕಿದ. ಹೊತ್ತು ಇಳಿಯುವ ಮೊದಲು ಹೊರಡೋಣ ಅಂತ ನಾವು ಎದ್ದರೆ ಅವನು ಏಳಲಿಲ್ಲ. ಸೀಟಿನ ಹಿಂದೆ ನಮಗೆ ಗೊತ್ತಿಲ್ಲದಂತೆ ಇಟ್ಟಿದ್ದ ಒಂದು ಗಂಟನ್ನು ಕಿರಿಯ ಮಗನ ಕೈಯಿಂದ ತರಿಸಿದ. ಅದರಲ್ಲಿ ಕಂಬಳಿ, ತಂಬಿಗೆ, ಒಂದು ಜೊತೆ ಧೋತರ.

"ಯಪ್ಪಾ, ಇದೇನ? ಡಾಕ್ಟರ ಏನ ಹೇಳ್ಯಾರ?" ಅಂದ ಗೆಳೆಯ.

"ನಡೀಬ್ಯಾಡ ಅಂದಾರ. ನಾ ಎಲ್ಲಿ ನಡೀತೇನಿ? ನಾ ಕುಂದ್ರತೇನಿ, ಕುರಿ ನಡೀತಾವ." ಕಂಬಳಿ ಹಾಸಿ ಮೇಲೆ ಕೂತೇಬಿಟ್ಟ. ಒಂದು ಮರಿ ಬಂದು ಅವನ ಪಟಗದ ಅಂಚನ್ನು ಬಾಯಿಗೆ ಹಾಕಿಕೊಂಡಿತು. "ನೀವ ಹೋಗ್ರಿ. ಹೊಳಿ ನೀರ ಏರೂ ಮುಂದ ಬರ್ರಿ, ಕರಕೊಂಡ ಹೋಗಾಕ."

ಗೆಳೆಯ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಜೀಪು ಹತ್ತಿದೆವು. ಮಳೆಗಾಲ ಬಂದು ಮುದುಕನನ್ನು ಕರೆತರುವವರೆಗೆ ಈ ಜೀಪು ಒಂದು ದಿನವೂ ಕೆಡುವಂತಿರಲಿಲ್ಲ.