ಟ್ರಕ್ಕಿಗೆ ಗಾಳಿ ತುಂಬಿದ ಭಾನುವಾರ

ಕಳೆದ ಭಾನುವಾರ ಬೆಳಗ್ಗೆ ಎಂಟೂವರೆಗೆ ನಾನು ಒಂದು ಟ್ರಕ್ಕಿನ ಪಕ್ಕ ಮಂಡಿಯೂರಿ ಕೂತು ಅದರ ಹೊಟ್ಟೆಯ ಕೆಳಗೆ ಇಣುಕುತ್ತಿದ್ದೆ. ಹೊಸ ಬಿಳಿ ಕುರ್ತಾ ಹಾಕಿಕೊಂಡು. (ಆ ಕುರ್ತಾದ ವಿಷಯದಲ್ಲಿ ಮನೆಯಲ್ಲಿ ಮಾತುಕತೆ ಇನ್ನೂ ಮುಗಿದಿಲ್ಲ.)

ಐರೋಲಿಯ ಎಸಿ ಆಫೀಸಿನಲ್ಲಿ ಎಕ್ಸೆಲ್ ಶೀಟು ನೋಡಿಕೊಂಡು ಬದುಕುವ ಮನುಷ್ಯನಿಗೆ ಟ್ರಕ್ಕಿನ ಕೆಳಗೆ ಏನು ಕೆಲಸ? ಹೇಳುತ್ತೇನೆ.

ಟ್ರಕ್ಕು ನಮ್ಮ ಕೆಳಗಿನ ಮನೆಯ ಹರೀಶನದು. ಉಡುಪಿ ಕಡೆಯವರು. ನೌಪಾಡಾದಲ್ಲಿ ಇವರ ಹೋಟೆಲ್ ಇದ್ದ ಕಟ್ಟಡ ರೀಡೆವಲಪ್‌ಮೆಂಟ್‌ಗೆ ಹೋಯಿತು. ಹೊಸ ಕಟ್ಟಡ ಏಳುವವರೆಗೆ ಕೈಕಟ್ಟಿ ಕೂರುವುದು ಹೇಗೆ ಅಂತ ಹರೀಶ ಕಲ್ಯಾಣದ ಒಂದು ಗ್ಯಾರೇಜಿನಲ್ಲಿ ಟ್ರಕ್ಕೊಂದನ್ನು ಅಡುಗೆಮನೆ ಮಾಡಿಸಿಕೊಂಡು ಬಂದ. ಅದಕ್ಕೆ ಏರ್ ಸಸ್ಪೆನ್ಷನ್ ಬೇರೆ. ಅಂದರೆ ಚಕ್ರಗಳ ಹತ್ತಿರ ಸ್ಪ್ರಿಂಗಿನ ಬದಲು ನಾಲ್ಕು ದಪ್ಪ ರಬ್ಬರ್ ಚೀಲ, ಒಳಗೆ ಗಾಳಿ. ನಮ್ಮ ರಸ್ತೆಗಳ ಹೊಂಡದಲ್ಲೂ ದೋಸೆಹಿಟ್ಟು ಚೆಲ್ಲಬಾರದು ನೋಡಿ. ನಿಲ್ಲಿಸಿದ ಮೇಲೆ ಗಾಳಿ ಬಿಟ್ಟು ಗಾಡಿಯನ್ನು ತಗ್ಗಿಸಬಹುದು, ಗಿರಾಕಿಗಳ ಎದೆಮಟ್ಟಕ್ಕೆ ಕಿಟಕಿ ಬರುತ್ತದೆ.

ಆದರೆ ಈ ಕಥೆ ಹರೀಶನದಲ್ಲ, ಅವನ ತಾಯಿ ಗಿರಿಜಮ್ಮನವರದು.

ನಲವತ್ತು ವರ್ಷ ಆ ಹೋಟೆಲಿನಲ್ಲಿ ನೀರುದೋಸೆ ಹೊಯ್ದವರು ಅವರು. ಒಳಗಿನ ಅಡುಗೆಮನೆಯಲ್ಲಿ. ಗೋಡೆಯ ಒಂದು ಕಿಂಡಿಯಿಂದ ಆರ್ಡರ್ ಬರುತ್ತಿತ್ತು, ಅದೇ ಕಿಂಡಿಯಿಂದ ತಟ್ಟೆ ಹೋಗುತ್ತಿತ್ತು. ಆ ತಟ್ಟೆ ಯಾರ ಮುಂದೆ ಹೋಗಿ ಕೂರುತ್ತದೆ ಅಂತ ಅವರು ಒಂದು ದಿನವೂ ನೋಡಿದವರಲ್ಲ.

"ಒಬ್ಬರಾದ್ರೂ ತಿನ್ನುದನ್ನು ನಿಂತು ನೋಡ್ಬೇಕು ಅಂತ ಆಸೆ ಉಂಟು," ಅಂದಿದ್ದರು ನನ್ನ ಹತ್ತಿರ. ಎಪ್ಪತ್ತಮೂರರ ಹೆಂಗಸು ಇದನ್ನು ನಾಚಿಕೊಂಡು ಹೇಳಿದ್ದರು.

ಮೊದಲ ದಿನದ ವ್ಯಾಪಾರ ನಮ್ಮ ವರ್ತಕ ನಗರದ ಸೊಸೈಟಿ ಗೇಟಿನ ಪಕ್ಕದಲ್ಲೇ ಅಂತ ತೀರ್ಮಾನವಾಯಿತು. ಹರೀಶನಿಗೆ ಚಟ್ನಿ, ಗ್ಯಾಸು, ಪೂಜೆ, ನೂರೆಂಟು ತಲೆನೋವು. "ಆ ಗಾಳಿಯ ಒಂದು ಕೆಲಸ ನೀವು ನೋಡಿಕೊಳ್ತೀರಾ ಮಾರಾಯ್ರೆ?" ಅಂದ. ನೋಡಿಕೊಳ್ಳದೆ? ಎರಡು ವಿಡಿಯೋ ನೋಡಿದೆ. ವಾಲ್ವ್ ತಿರುಗಿಸಿದೆ. ನಾಲ್ಕು ಚೀಲಕ್ಕೆ ನಾಲ್ಕು ಗೇಜು. ನಾಲ್ಕರಲ್ಲೂ ಮುಳ್ಳು ಸರಿಯಾಗಿ ಅರವತ್ತಕ್ಕೆ ಬಂದು ನಿಂತಾಗ ನನಗಾದ ಆನಂದ ಏನು ಹೇಳಲಿ. ಆಫೀಸಿನಲ್ಲೂ ನಾನು ಹೀಗೇ. ಎಲ್ಲ ಸಾಲಿನಲ್ಲೂ ಒಂದೇ ಅಂಕಿ ಕಂಡರೆ ಜಗತ್ತು ಸರಿಯಾಗಿದೆ ಅಂತ ನಂಬುವವನು.

ಕ್ಯೂ ನಿಂತಿತು. ಗಿರಿಜಮ್ಮ ಹೊಸ ಸೀರೆ ಉಟ್ಟು, ಮಲ್ಲಿಗೆ ಮುಡಿದು ಕಿಟಕಿಯ ಹಿಂದೆ ನಿಂತರು. ಮೊದಲ ಸೌಟು ಕಾವಲಿಗೆ ಬಿತ್ತು. ನೀರುದೋಸೆ ಹಿಟ್ಟು ಅಂದರೆ ಹೆಸರೇ ಹೇಳುವ ಹಾಗೆ ನೀರು. ಅದು ಕಾವಲಿಯ ಮೇಲೆ ಹರಡದೆ ಸೀದಾ ಅವರ ಕಡೆಗೇ ಹರಿದು ಬಂತು. ಒಂದು ಕಡೆ ದಪ್ಪ, ಇನ್ನೊಂದು ಕಡೆ ಬರೀ ತೂತು. ಎರಡನೆಯದೂ ಹಾಗೇ ಆಯಿತು. ಮೂರನೆಯದನ್ನು ಅವರೇ ಮಡಿಸಿ ಪಕ್ಕಕ್ಕೆ ಹಾಕಿದರು.

ಗಿರಿಜಮ್ಮ ತಮ್ಮ ಬಲಗೈಯನ್ನೇ ಒಂದು ಕ್ಷಣ ನೋಡಿದರು. ಸೌಟು ಕೆಳಗಿಟ್ಟರು.

"ಹರೀಶಾ, ನನ್ನಿಂದ ಇನ್ನು ಆಗುದಿಲ್ಲ. ಕೈ ಹೋಯ್ತು. ಬೇರೆ ಜನ ಮಾಡು."

"ಹಾಗೆಲ್ಲ ಹೇಳ್ಬೇಡಿ ಅಮ್ಮ," ಅಂದ ಹರೀಶ.

ಅಷ್ಟರಲ್ಲಿ ನನ್ನ ಕಣ್ಣು ಕಿಟಕಿಯ ಕಟ್ಟೆಯ ಮೇಲಿದ್ದ ನನ್ನದೇ ಚಹಾ ಲೋಟದ ಮೇಲೆ ಬಿತ್ತು. ಚಹಾ ಒಂದು ಕಡೆ ಅಂಚಿಗೆ ಬಂದು ನಿಂತಿದೆ, ಇನ್ನೊಂದು ಕಡೆ ಬೆರಳಷ್ಟು ಕೆಳಗಿದೆ.

ಓರೆಯಾಗಿದ್ದದ್ದು ಟ್ರಕ್ಕು.

ನಿಜ ಹೇಳಿಬಿಡುತ್ತೇನೆ, ಒಂದು ನಿಮಿಷ ಬಾಯಿ ಮುಚ್ಚಿಕೊಂಡಿರೋಣ ಅನ್ನಿಸಿತು. ಇಡೀ ಸೊಸೈಟಿಯ ಎದುರು ಮಾನ ಹೋಗುತ್ತದಲ್ಲ? ಆದರೆ ಆ ಹೆಂಗಸು ಆಗಲೇ ಏಪ್ರನ್ ಗಂಟು ಬಿಚ್ಚುತ್ತಿದ್ದರು. "ಗಿರಿಜಮ್ಮ, ನಿಮ್ಮ ಕೈಯದೇನೂ ತಪ್ಪಿಲ್ಲ, ತಪ್ಪು ನನ್ನದು," ಅಂದೆ. ಅಂದದ್ದೇ ಕಲ್ಯಾಣದ ಮೆಕ್ಯಾನಿಕ್ ಸಾವಂತರಿಗೆ ಫೋನು ಮಾಡಿದೆ. ನಾಲ್ಕೂ ಅರವತ್ತಿದೆ, ಆದರೂ ಗಾಡಿ ವಾಲಿದೆ ಅಂತ ಹೇಳಿದೆ. ಅವರು ನಕ್ಕು ಮರಾಠಿಯಲ್ಲಿ ಹೇಳಿದರು:

"ಸಾಹೇಬ್, ಗೇಜ್ ನಕಾ ಬಘೂ. ಗಾಡಿ ಬಘಾ."

ಗೇಜು ನೋಡಬೇಡಿ, ಗಾಡಿ ನೋಡಿ. ನೋಡಿದೆ. ಟ್ರಕ್ಕಿನ ಬಲಗಡೆ ಏನೇನಿದೆ? ನೀರಿನ ಟ್ಯಾಂಕು, ಎರಡು ಸಿಲಿಂಡರು, ಕಲ್ಲಿನ ಗ್ರೈಂಡರು. ಎಡಗಡೆ? ಕಿಟಕಿ ಮತ್ತು ಕಾವಲಿ. ಹೊರೆ ಹೊತ್ತವನಿಗೂ ಅಷ್ಟೇ ಗಾಳಿ, ಕೈಬೀಸಿಕೊಂಡು ನಿಂತವನಿಗೂ ಅಷ್ಟೇ ಗಾಳಿ ಕೊಟ್ಟಿದ್ದೆ ನಾನು. ಬಲಗಡೆ ಕುಸಿಯದೆ ಇನ್ನೇನು ಮಾಡೀತು?

ಆಮೇಲಿನದು ಗಿರಿಜಮ್ಮನವರ ಆಡಳಿತ. ಕಾವಲಿಯ ನಡುವೆ ಒಂದು ಚಮಚ ಎಣ್ಣೆ ಬಿಟ್ಟು ಅದನ್ನೇ ನೋಡುತ್ತ ನಿಂತರು. ನಾನು ಕೆಳಗೆ, ಕೈಯಲ್ಲಿ ವಾಲ್ವು.

"ಎತ್ತಿ. ಇನ್ನೂ ಸ್ವಲ್ಪ. ಹಿಂದಿನದ್ದು ಒಂಚೂರು. ಅಯ್ಯೋ, ಜಾಸ್ತಿ ಆಯ್ತು, ಬಿಡಿ ಬಿಡಿ. ಹಾಂ, ನಿಂತಿತು."

ಎಣ್ಣೆ ನಡುವೆಯೇ ನಿಂತಿತು. ಗೇಜಿನಲ್ಲಿ ನಾಲ್ಕೂ ಬೇರೆ ಬೇರೆ ಅಂಕಿ. ನನ್ನ ಆಫೀಸಿನಲ್ಲಾಗಿದ್ದರೆ ಕೆಂಪು ಬಣ್ಣ ಬಳಿಯುತ್ತಿದ್ದೆ.

ಸೌಟು ಮತ್ತೆ ಎದ್ದಿತು. ಹಿಟ್ಟು ಚುಂಯ್ ಅಂತ ಹರಡಿತು. ಬಿಳಿ, ತೆಳು, ದುಂಡಗೆ. ಮೊದಲ ತಟ್ಟೆ ಎರಡನೇ ಮಹಡಿಯ ಆಂಟಿ, ಕುಲಕರ್ಣಿ ಕಾಕೂ ಅವರಿಗೆ ಹೋಯಿತು. ಅವರು ಕಿಟಕಿಯ ಎದುರೇ ನಿಂತು ತಿಂದರು. ಗಿರಿಜಮ್ಮ ಕಿಟಕಿಗೆ ಎರಡೂ ಕೈ ಊರಿಕೊಂಡು, ಒಂದೊಂದು ತುತ್ತೂ ಬಾಯಿಗೆ ಹೋಗುವುದನ್ನು ನೋಡಿದರು. ಕಾಕೂ ತಟ್ಟೆಯಲ್ಲಿದ್ದ ಚಟ್ನಿಯನ್ನು ಬೆರಳಲ್ಲಿ ಬಳಿದು, "ಆಣಖೀ ದೋನ್ ದ್ಯಾ," ಅಂತ ಇನ್ನೆರಡು ಕೇಳಿದರು. ಗಿರಿಜಮ್ಮ ನಕ್ಕ ನಗೆಯನ್ನು ನೀವು ನೋಡಬೇಕಿತ್ತು. ನಾನಂತೂ ಸುಮ್ಮನೆ ಅತ್ತುಬಿಟ್ಟೆ. (ಈರುಳ್ಳಿ ಅಂತ ಹೇಳಿಕೊಂಡೆ. ನೀರುದೋಸೆಗೆ ಎಲ್ಲಿಯ ಈರುಳ್ಳಿ?)

ಹನ್ನೊಂದರವರೆಗೂ ನನಗೆ ಪುರುಸೊತ್ತಿಲ್ಲ. ಟ್ಯಾಂಕಿನ ನೀರು ಖರ್ಚಾದ ಹಾಗೆ ಬಲಗಡೆ ಹಗುರಾಗಿ ಮೇಲೇಳುತ್ತದೆ, ಆಗ ಗಾಳಿ ಬಿಡಬೇಕು. ಮೇಲಿನಿಂದ "ಸ್ವಲ್ಪ ಇಳಿಸಿ" ಅಂತ ಕೂಗು ಬಂದರೆ ಕೆಳಗಿನಿಂದ "ಆಯ್ತಮ್ಮ" ಅನ್ನುವುದು. ಇಷ್ಟು ಖುಷಿಯಿಂದ ಯಾರ ಕೈಕೆಳಗೂ ನಾನು ಕೆಲಸ ಮಾಡಿಲ್ಲ.

ಕೊನೆಗೆ ನನಗೂ ಮೂರು ದೋಸೆ ಕೊಟ್ಟರು. "ಗಾಡಿ ಓರೆ ಇರಬಹುದು ಅಂತ ನನಗೆ ತಲೆಗೇ ಹೋಗ್ಲಿಲ್ಲ ನೋಡಿ," ಅಂದರು.

ನಲವತ್ತು ವರ್ಷ ದೋಸೆ ಹೊಯ್ದವರಿಗೆ ಮೂರೇ ದೋಸೆಗೆ ತಮ್ಮ ಕೈಯ ಮೇಲೆ ಅನುಮಾನ ಬಂತು, ಆ ಬೆಳಗ್ಗೆಯಷ್ಟೇ ವಾಲ್ವ್ ಮುಟ್ಟಿದ ನನಗೇಕೆ ಬರಲಿಲ್ಲ?