ನಾಯಿ ತರಬಾರದು ಎಂಬ ಬೋರ್ಡು

ಮುಂಬಯಿ ಪಕ್ಕದ ಠಾಣೆ ಊರಿನಿಂದ ಘೋಡ್‌ಬಂದರ್ ಕಡೆಗೆ ಹೋಗುವ ರಸ್ತೆಯಲ್ಲಿ ನಾವು ಒಂದು ಹೋಟೆಲು ನಡೆಸುತ್ತಿದ್ದೆವು. ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಆಗ ಆ ರಸ್ತೆಯ ಒಂದು ಬದಿ ಗುಡ್ಡದ ಕಾಡು, ಇನ್ನೊಂದು ಬದಿ ಖಾಡಿ, ಅಂದರೆ ಏರಿ ಇಳಿಯುವ ಸಮುದ್ರದ ಹಿನ್ನೀರು. ಇವತ್ತು ಹೇಳಿದರೆ ಮೊಮ್ಮಕ್ಕಳು ನಂಬುವುದಿಲ್ಲ.

ಅದಕ್ಕೂ ಮೊದಲು ನನ್ನ ಗಂಡ ಠಾಣೆಯ ಕೋಪರಿಯಲ್ಲಿ, ರೈಲು ಸ್ಟೇಷನ್ನಿನ ಪಕ್ಕದಲ್ಲೇ, ಇಡ್ಲಿ-ವಡೆಯ ಸಣ್ಣ ಹೋಟೆಲು ಇಟ್ಟುಕೊಂಡಿದ್ದರು. ಅಲ್ಲಿ ಗಿರಾಕಿಯ ಒಂದು ಕಣ್ಣು ತಟ್ಟೆಯ ಮೇಲೆ, ಇನ್ನೊಂದು ಲೋಕಲ್ ಬರುವ ದಿಕ್ಕಿನ ಮೇಲೆ. "ಜನ ನಾಲ್ಕು ದಿನ ಆರಾಮ ಕೂತು ಉಣ್ಣುವಂಥ ಜಾಗ ಒಂದು ಮಾಡ್ಬೇಕು ಮಾರಾಯ್ತಿ" ಎಂದು ಹೇಳುತ್ತಲೇ ಇದ್ದರು. ಕೊನೆಗೆ ಮಾಡಿದರು. ಖಾಡಿಗೆ ಮುಖ ಮಾಡಿದ ಒಂದು ಸಾಲು ಕೋಣೆಗಳು, ಮುಂದೆ ಉದ್ದದ ಜಗಲಿ, ಊಟಕ್ಕೆ ಬಾಳೆಲೆ. ಮುಂಬಯಿಯಿಂದ, ಡೊಂಬಿವಲಿಯಿಂದ ಸಂಸಾರಸ್ಥರು ಮಕ್ಕಳ ರಜೆಗೆ ಬರುತ್ತಿದ್ದರು.

ಗೇಟಿನ ಬಳಿ ಒಂದು ಬೋರ್ಡಿತ್ತು. ಹೋಟೆಲಿನ ಹೆಸರು ಬರೆಸುವ ಮೊದಲೇ ಗಂಡ ಬರೆಸಿದ್ದು ಅದನ್ನು: ನಾಯಿ ತರಬಾರದು. ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ, ಕನ್ನಡದಲ್ಲಿ. ಕನ್ನಡದಲ್ಲಿ ಯಾಕೆ, ಇಲ್ಲಿ ಓದುವವರು ಯಾರು ಎಂದು ಕೇಳಿದ್ದೆ. "ಓದಲಿಕ್ಕೆ ಬರುವವರು ಬರ್ತಾರೆ" ಎಂದಿದ್ದರು.

ಅವರ ಹಟದ ಕಾರಣ ನನಗೆ ಗೊತ್ತಿತ್ತು. ಅವರಿಗೊಬ್ಬಳು ತಂಗಿಯಿದ್ದಳು. ಊರಿನಲ್ಲಿ ಒಂದು ಮದುವೆಗೆ ಬಂದ ನೆಂಟರು ತಮ್ಮ ಸಾಕುನಾಯಿಯನ್ನು ಜೊತೆಗೆ ತಂದಿದ್ದರು. ಅದು ಯಾರಿಗೂ ಏನೂ ಮಾಡುವುದಿಲ್ಲ ಎಂದು ಹೇಳಿದ್ದರಂತೆ. ಚಪ್ಪರದ ಕೆಳಗೆ ಆಡುತ್ತಿದ್ದ ತಂಗಿಯ ಕಾಲಿಗೆ ಅದು ಹಲ್ಲು ಊರಿತು. ಅರಿಶಿನ ಹಚ್ಚಿ ಮರೆತರು. ಕೆಲವು ವಾರಗಳ ಮೇಲೆ ಆ ಮಗು ನೀರು ಕಂಡರೆ ಕಿರುಚತೊಡಗಿತು. ಬಾಯಾರಿಕೆ ಎಂದು ಅಳುವುದು, ಲೋಟ ತಂದರೆ ಗೋಡೆಗೆ ಆನಿಕೊಳ್ಳುವುದು. ಮದುವೆಯಾದ ಹೊಸತರಲ್ಲಿ ಒಮ್ಮೆ ಮಾತ್ರ ಅವರು ಇದನ್ನು ನನಗೆ ಹೇಳಿದ್ದರು. ತುಳುವಿನಲ್ಲಿ, ತೀರಾ ಸಣ್ಣ ದನಿಯಲ್ಲಿ. ಆಮೇಲೆ ಆ ಮಾತು ನಮ್ಮ ನಡುವೆ ಬರಲಿಲ್ಲ.

ಕನ್ನಡ ಓದಲು ಬರುವವರು ನಿಜಕ್ಕೂ ಬಂದರು. ಕಲ್ಯಾಣದ ದಂಪತಿ. ಮೂಲ ವಿಜಾಪುರದ ಕಡೆಯವರು. ಗಂಡ ರೈಲ್ವೆಯಲ್ಲಿದ್ದು ನಿವೃತ್ತರಾಗಿದ್ದರು; ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಹೆಂಡತಿ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿದವರು. ಅವರ ಕಡೆ ಟೀಚರನ್ನು ಅಕ್ಕೋರು ಎನ್ನುತ್ತಾರೆ, ನನಗೂ ಅವರು ಅಕ್ಕೋರೇ ಆದರು. ಮಕ್ಕಳಿರಲಿಲ್ಲ. ಪ್ರತಿ ದೀಪಾವಳಿಗೆ ಬಂದು ಜಗಲಿಯ ತುದಿಯ ಕೋಣೆ ಹಿಡಿಯುತ್ತಿದ್ದರು.

ಅಕ್ಕೋರು ರಜೆಗೆ ಬಂದವರಂತೆ ಇರುತ್ತಿರಲಿಲ್ಲ. ಬೆಳಿಗ್ಗೆ ಸ್ನಾನವಾದದ್ದೇ ಸೆರಗು ಸಿಕ್ಕಿಸಿ ಅಡುಗೆಮನೆಗೆ ಬಂದುಬಿಡುವರು. "ನಿಮ್ಮ ಸಾರಿಗೆ ಬೆಲ್ಲ ಯಾಕ ಹಾಕ್ತೀರವ್ವ, ಪಾಯಸ ಮಾಡಾಕ ಹೊಂಟೀರೇನು?" ಎಂದು ನಗಿಸುವರು. ನನಗೆ ಜೋಳದ ರೊಟ್ಟಿ ತಟ್ಟಲು ಕಲಿಸಿದ್ದು ಅವರು. ನನ್ನ ರೊಟ್ಟಿ ಅಂಚಿನಲ್ಲಿ ಒಡೆದಾಗ, ಇದು ಕರ್ನಾಟಕದ ನಕಾಶಾ ಆತು ನೋಡ್ರಿ ಎನ್ನುವರು. ತವರು ದೂರವಿದ್ದ ನನಗೆ ದೀಪಾವಳಿ ಎಂದರೆ ಅವರು ಬರುವುದು. ಸುಳ್ಳಲ್ಲ.

ಒಂದು ವರ್ಷ ಅವರು ಬರಲಿಲ್ಲ. ಮರುವರ್ಷ ಬಂದರು, ಜೊತೆಗೆ ಒಂದು ನಾಯಿಯಿತ್ತು.

ಮಧ್ಯಾಹ್ನದ ಹೊತ್ತು. ಗೇಟಿನಲ್ಲಿ ರಿಕ್ಷಾ ನಿಂತಿತು. ಕಾಕಾ ಇಳಿದರು, ಆಮೇಲೆ ಕಂದುಬಣ್ಣದ ಒಂದು ಬೀದಿನಾಯಿ ಇಳಿಯಿತು, ಅದರ ಕೊರಳ ಹಗ್ಗ ಹಿಡಿದು ಅಕ್ಕೋರು ಇಳಿದರು. ನಾನು ಓಡಿಹೋಗಿ ಕೈ ಹಿಡಿದೆ. ಅವರು ನನ್ನ ಮುಖ ನೋಡಿ, ಬಹಳ ಮರ್ಯಾದೆಯಿಂದ, "ನಿಮ್ಮ ಹುಡುಗ ಯಾವ ಇಯತ್ತಾದಾಗ ಇದ್ದಾನ್ರಿ?" ಎಂದು ಕೇಳಿದರು. ನನ್ನನ್ನು ಶಾಲೆಗೆ ಬಂದ ಯಾವುದೋ ಮಗುವಿನ ತಾಯಿ ಎಂದುಕೊಂಡಿದ್ದರು.

ಕಾಕಾ ನನ್ನನ್ನು ಪಕ್ಕಕ್ಕೆ ಕರೆದರು. "ಆಕಿಗೆ ಈಗ ಯಾರೂ ನೆನಪಿಲ್ಲ ತಂಗಿ. ನನ್ನನ್ನಽ ಒಮ್ಮೊಮ್ಮೆ ಯಾವೂರವ್ರು ಅಂತ ಕೇಳ್ತಾಳ. ಈ ನಾಯಿ ಚಾಳಿನ ಕೆಳಗ ಇರ್ತಿತ್ತು. ಇದೊಂದು ಜೋಡಿಗಿದ್ರ ಸುಮ್ಮನ ಕುಂದರತಾಳ, ಉಣ್ತಾಳ. ಇಲ್ಲಂದ್ರ ಬಾಗಲಾ ತಕ್ಕೊಂಡು ಹೊಂಟಽ ಬಿಡ್ತಾಳ."

ಅಷ್ಟರಲ್ಲಿ ನನ್ನ ಗಂಡ ಕೌಂಟರಿನಿಂದ ಎದ್ದು ಜಗಲಿಗೆ ಬಂದರು. ನಾಯಿಯನ್ನು ನೋಡಿದವರು ಅಲ್ಲೇ ನಿಂತರು. ಮೆಟ್ಟಿಲು ಇಳಿಯಲಿಲ್ಲ.

"ಕಾಕಾ, ನಾಯಿ ಬೇಡ."

"ಬೋರ್ಡು ಓದೇನಿ. ಅದಕ್ಕಽ ಗೇಟಿನಾಗ ನಿಂತೀನಿ. ಆದ್ರ ಕೇಳಿ ನೋಡೂಣು ಅಂತ ಬಂದೆ. ಆಕಿ ಎಲ್ಲಾ ಮರತಾಳ, ಈ ನೀರು ಮರತಿಲ್ಲ. ಮನ್ಯಾಗ ಕುಂತು ನೀರು ಏರಿತೇನು ಅಂತ ಕೇಳ್ತಾಳ. ಇದೊಂದು ಸಲ ತೋರಿಸ್ಕೊಂಡು ಹೋಗೂಣು ಅಂತ."

"ಇಲ್ಲಿ ಮಕ್ಕಳು ಇದ್ದಾರೆ ಕಾಕಾ. ಬೇರೆಯವರ ಮಕ್ಕಳು."

"ಖರೆ ಐತಿ. ಆಕೀದು ಊಟ ಆಗಲಿ, ಸಂಜಿ ಬಸ್ಸಿಗೆ ಹೊಂಟು ಬಿಡ್ತೀವಿ" ಎಂದ ಕಾಕಾ, ನಾಯಿಯ ಹಗ್ಗವನ್ನು ಹೆಂಡತಿಯ ಕೈಯಿಂದ ಬಿಡಿಸಿ ಗೇಟಿನ ಕಂಬಕ್ಕೆ ಕಟ್ಟಿದರು. ಅಕ್ಕೋರನ್ನು ತೋಳು ಹಿಡಿದು ಜಗಲಿಗೆ ಹತ್ತಿಸಿದರು. ಎಲೆಯ ಮುಂದೆ ಕೂತ ಅಕ್ಕೋರ ಎಡಗೈ ಪಕ್ಕದ ನೆಲವನ್ನು ಸವರತೊಡಗಿತು, ಕತ್ತಲಲ್ಲಿ ಬೆಂಕಿಪೆಟ್ಟಿಗೆ ಹುಡುಕುವ ಹಾಗೆ. ಅನ್ನದ ಕಡೆ ನೋಡಲಿಲ್ಲ. ಸವರಿ ಸವರಿ ಕೊನೆಗೆ ಸದ್ದಿಲ್ಲದೆ ಅಳತೊಡಗಿದರು.

ನನ್ನ ಗಂಡ ಬಡಿಸುತ್ತಿದ್ದವರು ಸೌಟು ಇಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು, ಯಾರ ಮುಖವನ್ನೂ ನೋಡದೆ, "ಹಿಂದೆ ಸೌದೆ ಶೆಡ್ಡಿದೆ. ಅಲ್ಲಿ ಕಟ್ಟಿ. ಕೋಣೆಯೊಳಗೆ ಬೇಡ. ಅವರು ಬೇಕಾದ್ರೆ ಅಲ್ಲಿ ಹೋಗಿ ಕೂತ್ಕೊಳ್ಳಲಿ" ಎಂದರು.

ಹಾಗೆ ಅಕ್ಕೋರು ಕತ್ತಲಾಗುವವರೆಗೂ ಶೆಡ್ಡಿನ ಬಾಗಿಲಲ್ಲಿ ಸ್ಟೂಲು ಹಾಕಿ ಕೂತರು. ಅಲ್ಲಿಂದ ತೆಂಗಿನ ಮರಗಳ ಸಂದಿಯಲ್ಲಿ ಖಾಡಿ ಕಾಣುತ್ತಿತ್ತು. ನಾಯಿ ಅವರ ಪಾದದ ಮೇಲೆ ಗಲ್ಲವಿಟ್ಟು ಮಲಗಿತ್ತು. ನಾನು ಕೆಲಸದ ನಡುವೆ ಹೋಗಿ ಕೂರುತ್ತಿದ್ದೆ. ಒಂದು ಸಲ ನನ್ನ ಕೈ ನೋಡಿ, "ರೊಟ್ಟಿ ಮಾಡಾಕ ಹೋಗಿ ಕೈ ಸುಟ್ಟಗೊಂಡೀರೇನು?" ಎಂದು ಕೇಳಿದರು. ಆಗ ಮಾತ್ರ ನಾನು ಯಾರೆಂದು ಗೊತ್ತಾಗಿರಬಹುದೇ ಎನಿಸಿತು.

ಅನಾಹುತ ಆದದ್ದು ಮರುದಿನ. ಮುಂಬಯಿಯಿಂದ ಒಂದು ಕುಟುಂಬ ಬಂದಿತ್ತು. ಗಂಡ, ಹೆಂಡತಿ, ಆರೇಳು ವರ್ಷದ ಮಗಳು. ಮಗು ನಾಯಿಯನ್ನು ಕಂಡು ಶೆಡ್ಡಿಗೆ ಹೋಗಿದೆ. ಅಕ್ಕೋರು ತಮ್ಮ ತಟ್ಟೆಯಿಂದ ಮಗುವಿಗೆ ಒಂದು ಚಕ್ಕುಲಿ ಕೊಟ್ಟಿದ್ದಾರೆ. ಅದೇ ಚಕ್ಕುಲಿಗೆ ನಾಯಿಯೂ ಬಾಯಿ ಹಾಕಿದೆ. ಮಗು ಕೈ ಎಳೆದುಕೊಳ್ಳುವಾಗ ಹಲ್ಲು ತಾಗಿ ಮುಂಗೈಯಲ್ಲಿ ರಕ್ತ ಬಂತು. ಚೀರಾಟ ಕೇಳಿ ನಾವು ಓಡಿದೆವು.

ನನ್ನ ಗಂಡನ ಮುಖ ಅವತ್ತು ಇದ್ದ ಹಾಗೆ ನಾನು ಮತ್ತೆಂದೂ ನೋಡಲಿಲ್ಲ. ಮಗುವನ್ನು ಎತ್ತಿಕೊಂಡು ನಲ್ಲಿಯ ಕೆಳಗೆ ಹಿಡಿದು ಸಾಬೂನು ಹಚ್ಚಿ ತೊಳೆದರು, ತೊಳೆದರು, ನಿಲ್ಲಿಸಲೇ ಇಲ್ಲ. ನೀರು ಬಿದ್ದಷ್ಟೂ ಮಗು ಅಳುತ್ತಿತ್ತು. ಅದರ ತಂದೆ ಕೂಗಾಡುತ್ತಿದ್ದರು: "ಫ್ಯಾಮಿಲಿ ಹೋಟೆಲ್ ಬೋಲ್ತೇ ಹೋ, ಔರ್ ಕುತ್ತಾ ರಖ್ತೇ ಹೋ? ಬಾಹರ್ ಬೋರ್ಡ್ ಕಿಸಲಿಯೇ ಲಗಾಯಾ?"

ಸಂಸಾರಸ್ಥರ ಹೋಟೆಲು ಎನ್ನುತ್ತೀರಿ, ನಾಯಿ ಇಟ್ಟುಕೊಳ್ಳುತ್ತೀರಿ, ಹೊರಗೆ ಬೋರ್ಡು ಯಾಕೆ ಹಾಕಿದ್ದು ಎಂದು ಅವರು ಕೇಳುತ್ತಿದ್ದಂತೆಯೇ ನನ್ನ ಗಂಡ ಟ್ಯಾಕ್ಸಿ ತರಿಸಿದರು. ಮಗುವನ್ನೂ ತಂದೆತಾಯಿಯನ್ನೂ ಟ್ಯಾಕ್ಸಿಯಲ್ಲಿ ಕೂರಿಸಿ ಠಾಣೆಯ ಆಸ್ಪತ್ರೆಗೆ ಹೋದರು. ಹೊಟ್ಟೆಗೆ ಚುಚ್ಚುವ ಸೂಜಿ ಶುರುವಾಯಿತು. ನಾಯಿಯನ್ನು ಕೊಲ್ಲಬೇಡಿ, ಹತ್ತು ದಿನ ಕಟ್ಟಿಹಾಕಿ ನೋಡಿ, ಅದು ಬದುಕಿದ್ದರೆ ಮಗುವಿಗೆ ಭಯವಿಲ್ಲ ಎಂದು ಡಾಕ್ಟರು ಹೇಳಿದರಂತೆ.

ಸಂಜೆ ನನ್ನ ಗಂಡ ಮರಳಿದಾಗ ಕಾಕಾ ಗಂಟುಮೂಟೆ ಕಟ್ಟಿಕೊಂಡು ಜಗಲಿಯಲ್ಲಿ ನಿಂತಿದ್ದರು. "ಎಲ್ಲಿಗೆ?" ಎಂದರು ಇವರು. "ನಾಯಿ ಇಲ್ಲೇ ಇರ್ಬೇಕು. ನಾಯಿ ಇದ್ರೆ ಅವರೂ ಇರ್ಬೇಕು. ಒಳಗೆ ಹೋಗಿ ಕಾಕಾ."

ಆ ಹತ್ತು ದಿನ ನನ್ನ ಗಂಡ ಬೆಳಿಗ್ಗೆ ಎದ್ದೊಡನೆ ಒಂದು ಅಲ್ಯುಮಿನಿಯಂ ಬೋಗುಣಿಯಲ್ಲಿ ನೀರು ತುಂಬಿಕೊಂಡು ಶೆಡ್ಡಿಗೆ ಹೋಗುತ್ತಿದ್ದರು. ಕೆಲಸದವರನ್ನು ಕಳಿಸಲಿಲ್ಲ, ಕಾಕಾನಿಗೂ ಬಿಡಲಿಲ್ಲ. ನಾಯಿಯ ಮುಂದೆ ಬೋಗುಣಿಯನ್ನು ಕೋಲಿನಿಂದ ತಳ್ಳಿ, ದೂರ ಕುಕ್ಕರುಗಾಲಿನಲ್ಲಿ ಕೂತು ನೋಡುವರು. ನನಗೆ ಇದೆಲ್ಲ ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ನಾಯಿ ಲಪಲಪ ಎಂದು ನೀರು ಕುಡಿದು ಮುಗಿಸುವವರೆಗೂ ಏಳುತ್ತಿರಲಿಲ್ಲ. ಒಳಗೆ ಬಂದು, "ಕುಡೀತು" ಎನ್ನುವರು. ಅಷ್ಟೇ. ಆಮೇಲೆ ಠಾಣೆಯ ಕಡೆ ಸ್ವಲ್ಪ ದೂರದಲ್ಲಿದ್ದ ಒಂದು ಕಾರ್ಖಾನೆಯ ಆಫೀಸಿಗೆ ಹೋಗಿ ಮುಂಬಯಿಗೆ ಫೋನು ಮಾಡಿ, ಆ ಮಗುವಿನ ತಂದೆಗೂ ಅದೇ ಮಾತು ಹೇಳಿ ಬರುವರು. ಮೊದಮೊದಲು ಬೈದು ಫೋನು ಇಡುತ್ತಿದ್ದ ಆ ಮನುಷ್ಯ ಆಮೇಲಾಮೇಲೆ ಫೋನಿಗೇ ಕಾಯುತ್ತಿದ್ದನಂತೆ.

ಒಂದು ಬೆಳಿಗ್ಗೆ ಅಕ್ಕೋರು ನನ್ನ ಗಂಡನ ಪಕ್ಕ ಹೋಗಿ ಕೂತರು. ಇವರ ಬೆನ್ನಿನ ಮೇಲೆ ಕೈಯಿಟ್ಟು, "ಅಂಜಬ್ಯಾಡೋ ತಮ್ಮಾ, ಅದು ಕುಡೀತೈತಿ" ಎಂದರು. ಪರೀಕ್ಷೆಗೆ ಹೆದರಿದ ಹುಡುಗನಿಗೆ ಹೇಳುವಂಥ ದನಿ. ಇವರು ಮೊಣಕಾಲಿನ ಮೇಲೆ ಮುಖ ಇಟ್ಟುಕೊಂಡರು. ನಾನು ಕಿಟಕಿಯಿಂದ ಸರಿದುಬಿಟ್ಟೆ.

ನಾಯಿ ಬದುಕಿತು. ಮಗುವಿಗೆ ಏನೂ ಆಗಲಿಲ್ಲ. ಹನ್ನೊಂದನೆಯ ದಿನ ಕಾಕಾ ಅಕ್ಕೋರನ್ನೂ ನಾಯಿಯನ್ನೂ ಕರೆದುಕೊಂಡು ಹೊರಟರು. ಮುಂದಿನ ದೀಪಾವಳಿಗೆ ಬನ್ನಿ ಎಂದು ನಾನು ಹೇಳಿದೆ. ನನ್ನ ಗಂಡ ಹೇಳಲಿಲ್ಲ. ಕಾಕಾ ಅವರ ಕೈ ಹಿಡಿದು, "ನಿಮ್ಮ ಬೋರ್ಡು ಬರೋಬರ್ ಐತ್ರಿ. ತೆಗೀಬ್ಯಾಡ್ರಿ" ಎಂದರು.

ಬೋರ್ಡು ಉಳಿಯಿತು. ಆದರೆ ಕಚ್ಚಿದ ಸುದ್ದಿ ನಮ್ಮ ಗೇಟಿನಲ್ಲೇ ಉಳಿಯಲಿಲ್ಲ. ಅದು ಹೇಗೋ ಕಲ್ಯಾಣದಲ್ಲಿ ಕಾಕಾ ಇದ್ದ ಚಾಳಿಗೆ, ಆ ಸಾಲುಮನೆಗಳಿಗೆ ತಲುಪಿತು. ಅಲ್ಲಿಯೂ ಮಕ್ಕಳಿದ್ದರು, ಅಲ್ಲಿಯ ತಾಯಂದಿರಿಗೂ ಹೆದರಿಕೆಯಿತ್ತು. ನಾಯಿ ಹೋಗಬೇಕು, ಇಲ್ಲವೇ ನೀವು ಹೋಗಬೇಕು ಎಂದರಂತೆ. ಮಹಾಪೆಯ ಕಾರ್ಖಾನೆಗಳಲ್ಲಿ ಹೇರಿ ಇಳಿಸುವ ಕೆಲಸಕ್ಕೆ ಬಂದ ರಾಯಚೂರಿನ ಜನರ ಗುಡಿಸಲುಗಳಿದ್ದವು; ಅವರಲ್ಲೊಬ್ಬ ಕಾಕಾನ ಪರಿಚಯದವನು ನಾಯಿಯನ್ನು ಒಯ್ದ. ಇದೆಲ್ಲ ನಮಗೆ ತಿಳಿದದ್ದು ಮಳೆಗಾಲ ಮುಗಿಯುತ್ತ ಬಂದಾಗ, ಕಾಕಾ ಒಬ್ಬರೇ ಬಸ್ಸಿನಿಂದ ಇಳಿದು ಬಂದ ದಿನ.

"ಆಕಿ ಬಾಗಲದಾಗ ಕುಂದರೂದು ಕಲತಳು" ಎಂದರು. "ಕೈ ಹಿಂಗ ನೆಲದ ಮ್ಯಾಲ ಆಡಸ್ತಿದ್ಲು. ಊಟ ಬಿಟ್ಲು. ನಾಯಿ ತರಾಕ ಹೋದೆ. ಗುಡಿಸಲಾ ಎತ್ತಿಸಿದ್ರಂತ, ಆ ಮಂದಿ ಎಲ್ಲಿ ಹೋದ್ರೋ ಗೊತ್ತಾಗಲಿಲ್ಲ. ಶ್ರಾವಣದಾಗ ಜ್ವರಾ ಬಂತು. ಹೋದ್ಲು."

ನಾನು ಅತ್ತೆ. ಕಾಕಾ ಅಳಲಿಲ್ಲ. ನನ್ನ ಗಂಡ ಒಂದೇ ಪ್ರಶ್ನೆ ಕೇಳಿದರು: "ನಮಗೆ ಯಾಕೆ ಹೇಳ್ಲಿಲ್ಲ ಕಾಕಾ? ಶೆಡ್ಡಿತ್ತಲ್ಲ."

"ನಿಮಗ ಮತ್ತ ಹೆಂಗ ಹೇಳಲ್ರಿ?" ಎಂದರು ಅವರು.

ಆ ಚಳಿಗಾಲದಲ್ಲಿ ನನ್ನ ಗಂಡ ಸೌದೆ ಶೆಡ್ಡನ್ನು ಒಡೆಸಿದರು. ಅಲ್ಲಿ ಎಲ್ಲದರಿಂದ ದೂರಕ್ಕೆ ಒಂದು ಕೋಣೆ ಕಟ್ಟಿಸಿ, ಸುತ್ತ ಎದೆಯೆತ್ತರದ ತಂತಿ ಬೇಲಿ ಹಾಕಿಸಿದರು. ಖಾಡಿ ಕಾಣುವ ಹಾಗೆ ಬಾಗಿಲು. ನಾಯಿ ಇರುವವರಿಗೆ ಎಂದು ಹೇಳಿದರು. ಗೇಟಿನ ಬೋರ್ಡನ್ನು ಮಾತ್ರ ತೆಗೆಯಲಿಲ್ಲ. ಕೇಳಿಕೊಂಡು ಬಂದವರಿಗಷ್ಟೇ ಕೊಡುವುದು. ಕೇಳಿಕೊಂಡು ಬಂದವರು ಬಹಳ ಕಡಿಮೆ. ಆ ಕೋಣೆಯಿದೆ ಎಂದು ತಿಳಿದು ಎದ್ದು ಹೋದ ಕುಟುಂಬಗಳೂ ಇದ್ದವು. ಇವರು ಯಾರನ್ನೂ ತಡೆಯಲಿಲ್ಲ. ಹೋಟೆಲು ನಡೆಸುವ ನಮ್ಮ ಕಡೆಯವರ ಒಂದು ಕೂಟದಲ್ಲಿ, ಸಂಸಾರಸ್ಥರ ಹೋಟೆಲಿಗೆ ನಾಯಿ ಬಿಡಬೇಕೋ ಬೇಡವೋ ಎಂದು ಚರ್ಚೆ ಬಂದಾಗ ಯಾರೋ ಇವರನ್ನು ಕೇಳಿದರು. "ಬಿಟ್ರೆ ಒಬ್ಬರು ಅಳ್ತಾರೆ, ಬಿಡದಿದ್ರೆ ಇನ್ನೊಬ್ಬರು ಅಳ್ತಾರೆ. ನನಗೆ ಗೊತ್ತಿಲ್ಲ ಮಾರಾಯ್ರೆ" ಎಂದು ಚಹಾದ ಕಪ್ಪು ಕೆಳಗಿಟ್ಟರು.

ಮರುವರ್ಷದ ದೀಪಾವಳಿಗೆ ನಾವೇ ಕಲ್ಯಾಣಕ್ಕೆ ಹೋಗಿ ಕಾಕಾನನ್ನು ಕರೆತಂದೆವು. ಅವರು ಹೊಸ ಕೋಣೆಯನ್ನು ನೋಡಿದರು, ಬೇಲಿಯನ್ನು ನೋಡಿದರು. ಬಾಗಿಲು ತೆರೆದಿಟ್ಟು ಚಾಪೆ ಹಾಸಿಕೊಂಡು ಅಡ್ಡಾದರು. ಊಟಕ್ಕೆ ಕರೆಯಲು ಹೋದಾಗ ಗಾಢನಿದ್ದೆಯಲ್ಲಿದ್ದರು. ಎಷ್ಟೋ ವರ್ಷ ಬಾಗಿಲ ಸದ್ದಿಗೆ ಎಚ್ಚರವಾಗಿಯೇ ಮಲಗಿದವರು. ನಾನು ಎಬ್ಬಿಸಲು ಬಗ್ಗಿದೆ. ನನ್ನ ಗಂಡ ಬೇಡವೆಂದು ಕೈಸನ್ನೆ ಮಾಡಿ, ಅಡುಗೆಮನೆಗೆ ಹೋಗಿ, ಪಾತ್ರೆ ತೊಳೆಯುವವರಿಗೆ ಸ್ವಲ್ಪ ಮೆಲ್ಲಗೆ ಎಂದು ಹೇಳಿ ಬಂದರು.